ಕಾಳಿಯಮರ್ದನ: ಒಂದು ಮೂಕಚಿತ್ರದ ಚಾರಿತ್ರಿಕ ಪರಿಶೀಲನೆ

ಚರಿತ್ರೆಯ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತ, ಬಖರು, ಪ್ರವಾಸಕಥನಗಳು ನಮ್ಮ ನೆನಪಿಗೆ ಬರುತ್ತವೆ. ಚಲಚ್ಚಿತ್ರವನ್ನು, ಅದರಲ್ಲಿಯೂ ಪೌರಾಣಿಕ ಚಲಚ್ಚಿತ್ರವನ್ನು, ಈ ಸಾಲಿಗೆ ಸೇರಿಸಲು ವಿದ್ವಾಂಸರು ಬಹುಕಾಲ ಹಿಂಜರಿದರು. ಪುರಾಣದ ಕಥೆಯೇ ಚರಿತ್ರೆಯಲ್ಲವೆಂದ ಮೇಲೆ, ಅದನ್ನು ಅಭಿನಯಿಸಿ ತೆಗೆದ ಚಿತ್ರವು ಚರಿತ್ರೆಗೆ ಇನ್ನಷ್ಟು ದೂರವೆಂಬುದು ಈ ಹಿಂಜರಿಕೆಗೆ ಕಾರಣ. ಇದರೊಡನೆ ಮತ್ತೊಂದು ಅಭಿಪ್ರಾಯವೂ ಬೆಳೆದುಬಂದಿದೆ. ಆ ಕಾಲದ ಪ್ರೇಕ್ಷಕರು ಮುಗ್ಧರು. ಪರದೆಯ ಮೇಲೆ ಮೂಡಿದ ನಟನನ್ನೇ ಸಾಕ್ಷಾತ್ ದೇವರೆಂದು ಭ್ರಮಿಸಿ ಕೈಮುಗಿದರು. ಆದುದರಿಂದ ಈ ಚಿತ್ರಗಳು ಜನರ ಮೌಢ್ಯಕ್ಕೆ ಸಾಕ್ಷಿಯೇ ಹೊರತು ಮತ್ತೇನೂ ಅಲ್ಲ ಎಂಬುದೇ ಆ ಅಭಿಪ್ರಾಯ. ಧುಂಡಿರಾಜ ಗೋವಿಂದ ಫಾಳ್ಕೆಯವರು ೧೯೧೯ರಲ್ಲಿ ನಿರ್ಮಿಸಿದ 'ಕಾಳಿಯಮರ್ದನ'ವೆಂಬ ಮೂಕಚಿತ್ರವನ್ನು ಆಧಾರವಾಗಿಟ್ಟುಕೊಂಡು, ಈ ಅಭಿಪ್ರಾಯವು ಎಷ್ಟರಮಟ್ಟಿಗೆ ನಿಲ್ಲಬಲ್ಲುದೆಂದು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೧. ನಿರ್ಮಾಪಕರ ಹಿನ್ನೆಲೆ

ಫಾಳ್ಕೆಯವರು ೧೮೭೦ರಲ್ಲಿ ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಅನಂತರ ಬರೋಡೆಯ ಕಲಾಭವನದಲ್ಲಿಯೂ ಶಿಕ್ಷಣ ಪಡೆದರು. ಛಾಯಾಗ್ರಾಹಕರಾಗಿ ಕೆಲಸಮಾಡಿದರು, ಪ್ರಾಕ್ತನ ಇಲಾಖೆಯಲ್ಲಿ ನಕಾಸೆ ಬರೆಯುವ ನೌಕರಿಯಲ್ಲಿದ್ದರು, ಲೋಣಾವಳದಲ್ಲಿದ್ದ ರವಿವರ್ಮ ಮುದ್ರಣಾಲಯದೊಡನೆ ಸಂಬಂಧವಿಟ್ಟುಕೊಂಡು ಕಲ್ಲಚ್ಚಿನ ಚಿತ್ರಗಳ ಮುದ್ರಣದಲ್ಲಿ ಪಳಗಿದರು. 'ಪ್ರೊಫೆಸರ್ ಕೇಳ್ಫಾ' ಎಂದು ತಮ್ಮ ಹೆಸರಿನ ಅಕ್ಷರಗಳನ್ನೇ ತಿರುವುಮುರುವು ಮಾಡಿಕೊಂಡು ಇಂದ್ರಜಾಲದ ಪ್ರದರ್ಶನಗಳನ್ನೂ ಕೊಟ್ಟವರು ಇವರು. ಛಾಯಾಚಿತ್ರ, ಮುದ್ರಣ, ಶಿಲ್ಪಗಳ ಪರಿಚಯ, ಇಂದ್ರಜಾಲ ಇವು ನಾಲ್ಕೂ ಮುಂದೆ ಅವರ ಚಿತ್ರಗಳಲ್ಲಿ ಒಂದಾಗಿ ಬೆರೆತುದನ್ನು ಕಾಣುತ್ತೇವೆ.

೧೯೧೦-೧೧ರ ಸುಮಾರಿನಲ್ಲಿ ಮುಂಬಯಿಯಲ್ಲಿ ಯೇಸುಕ್ರಿಸ್ತನ ಜೀವನವನ್ನು ಕುರಿತ ಒಂದು ಚಿತ್ರವನ್ನು ಅವರು ನೋಡಿದರು. ಅದನ್ನು ನೋಡುತ್ತಿರುವಾಗ ತಮ್ಮ ಮನಸ್ಸಿನಲ್ಲಿ ಶ್ರೀಕೃಷ್ಣ, ಶ್ರೀರಾಮ, ಗೋಕುಲ, ಅಯೋಧ್ಯೆಗಳ ಚಿತ್ರಗಳು ಹಾದುಹೋದುವೆಂದು ೧೯೧೭ರಲ್ಲಿ 'ನವಯುಗ'ವೆಂಬ ಮರಾಠಿ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಹೇಳಿಕೊಂಡಿದ್ದಾರೆ. ಇದು ಭಕ್ತನ ಉದ್ಗಾರವಾಗಿರುವಂತೆಯೇ ಸ್ವದೇಶಿ ಉದ್ಯಮಿಯ ಸಂಕಲ್ಪವೂ ಆಗಿತ್ತೆಂಬುದನ್ನು ಮರೆಯಬಾರದು. ಚಲಚ್ಚಿತ್ರ ತಯಾರಿಕೆಯನ್ನು ದೇಶೀಯ ಕೈಗಾರಿಕೆಯಾಗಿ ನೆಲೆಗೊಳಿಸಬೇಕೆಂಬುದು ಅವರ ಹಂಬಲ. ಜೀವವಿಮೆಯ ಪತ್ರಗಳನ್ನು ಅಡವಿಟ್ಟು, ೧೯೧೨ರಲ್ಲಿ ಲಂಡನ್ನಿಗೆ ಹೋಗಿ ಯಂತ್ರಸಾಮಗ್ರಿಗಳನ್ನು ಕೊಂಡುತಂದರು. ೧೯೧೩ರ ಮೇ ೩ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಅವರ 'ರಾಜಾ ಹರಿಶ್ಚಂದ್ರ' ಪ್ರದರ್ಶಿತವಾಯಿತು. ಚಿತ್ರದ ಸುರುಳಿಗೆ ರಂಧ್ರ ಕೊರೆಯುವುದರಿಂದ ಮೊದಲ್ಗೊಂಡು ಕಲಾವಿದರಿಗೆಲ್ಲ ಅಡುಗೆ ಮಾಡಿ ಬಡಿಸುವವರೆಗೆ ಅವರ ಪತ್ನಿ ಸರಸ್ವತೀಬಾಯಿಯವರು ಹೊತ್ತ ಭಾರವು ಈ ಉದ್ಯಮದ ಚರಿತ್ರೆಯಲ್ಲಿ ಪ್ರತ್ಯೇಕವಾಗಿ ಸ್ಮರಣೀಯ.

೨. ಕೃಷ್ಣನ ಎರಡು ಚಿತ್ರಗಳು

ಮೊದಲನೆಯ ಮಹಾಯುದ್ಧವು ಫಾಳ್ಕೆಯವರ ಆರ್ಥಿಕಸ್ಥಿತಿಯನ್ನು ಕುಗ್ಗಿಸಿತು. ೧೯೧೭ರ 'ಲಂಕಾದಹನ'ದ ಯಶಸ್ಸು ಅವರನ್ನು ಮತ್ತೆ ಎತ್ತಿ ನಿಲ್ಲಿಸಿತು. ೧೯೧೮ರಲ್ಲಿ ಮುಂಬಯಿಯ ಬಂಡವಲಿಗರೊಡನೆ ಸೇರಿ ಅವರು ಹಿಂದುಸ್ಥಾನ್ ಸಿನಿಮಾ ಫಿಲ್ಮ್ಸ್ ಕಂಪನಿಯನ್ನು ಸ್ಥಾಪಿಸಿದರು. ಅದೇ ವರ್ಷ 'ಶ್ರೀಕೃಷ್ಣಜನ್ಮ'ವೂ ಮರುವರ್ಷ 'ಕಾಳಿಯಮರ್ದನ'ವೂ ಹೊರಬಂದುವು.

ಇವುಗಳಲ್ಲಿ ಇಂದು ಉಳಿದಿರುವುದೆಷ್ಟೆಂಬುದನ್ನು ಮೊದಲೇ ಹೇಳುವುದು ಯುಕ್ತ. 'ಶ್ರೀಕೃಷ್ಣಜನ್ಮ'ವು ಸುಮಾರು ೫೫೦೦ ಅಡಿಗಳ ಚಿತ್ರವಾಗಿತ್ತು. ಉಳಿದಿರುವುದು ೫೭೬ ಅಡಿಗಳಷ್ಟು ಮಾತ್ರ. 'ಕಾಳಿಯಮರ್ದನ'ದ ಸುಮಾರು ೬೦೦೦ ಅಡಿಗಳಲ್ಲಿ ೪೪೪೧ ಅಡಿಗಳು ಉಳಿದುಬಂದಿವೆ. ೧೯೬೪ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವೂ, ಅದಕ್ಕಾಗಿ ದುಡಿದ ಪಿ. ಕೆ. ನಾಯರ್ ಅವರೂ ಇಲ್ಲದಿದ್ದರೆ ಇಷ್ಟಾದರೂ ನಮಗೆ ದೊರೆಯುತ್ತಿತ್ತೆಂದು ಹೇಳಲಾಗದು. ಮುರಿದ ಶಾಸನವನ್ನು ಓದುವವನು ಅಳಿದ ಸಾಲುಗಳನ್ನು ತಾನೇ ತುಂಬಿಬಿಡಬಾರದೆಂಬ ನಿಯಮವು ಈ ಸುರುಳಿಗಳಿಗೂ ಅನ್ವಯಿಸುತ್ತದೆ. ಮುಂದಿನ ನಮ್ಮ ವಿವೇಚನೆಯು ಉಳಿದಿರುವ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು.

೩. ಚಿತ್ರದ ಪೀಠಿಕೆ

'ಕಾಳಿಯಮರ್ದನ'ದಲ್ಲಿ ಬಾಲಕೃಷ್ಣನ ಪಾತ್ರವನ್ನು ವಹಿಸಿದವಳು ಫಾಳ್ಕೆಯವರ ಮಗಳು ಮಂದಾಕಿನಿ. ಆಗ ಆಕೆಗೆ ಆರೇಳು ವರ್ಷ. ಆರು ವರ್ಷಗಳ ಹಿಂದೆ 'ರಾಜಾ ಹರಿಶ್ಚಂದ್ರ'ದ ತಾರಾಮತಿಯ ಪಾತ್ರಕ್ಕೆ ಸ್ತ್ರೀಯರು ಮುಂದೆ ಬಾರದೆ ಅಣ್ಣಾ ಸಾಳುಂಕೆಯೆಂಬ ಪುರುಷನು ಅದನ್ನು ವಹಿಸಬೇಕಾಗಿತ್ತು. ಈಗ ಒಬ್ಬ ಹುಡುಗಿಯು ಪುರುಷದೇವತೆಯ ವೇಷ ಧರಿಸಿದಳು.

ನಮ್ಮ ವಾದಕ್ಕೆ ಮುಖ್ಯವಾದ ಅಂಶವು ಚಿತ್ರದ ಆರಂಭದಲ್ಲಿಯೇ ಇದೆ. ಕಥೆ ತೊಡಗುವುದಕ್ಕೆ ಮುಂಚೆ ಈ ಹುಡುಗಿಯ ಮುಖವನ್ನು ಸಮೀಪದಿಂದ ತೋರಿಸಲಾಗುತ್ತದೆ. ಆಕೆ ಒಂದರ ಮೇಲೊಂದರಂತೆ ಬೇರೆ ಬೇರೆ ಭಾವಗಳನ್ನು ಮುಖದ ಮೇಲೆ ತಂದುಕೊಳ್ಳುತ್ತಾಳೆ. ಬಳಿಕ ಆ ಹುಡುಗಿಯೇ ನಮ್ಮ ಕಣ್ಣೆದುರಿನಲ್ಲಿ ಕೃಷ್ಣನ ವೇಷದಲ್ಲಿ ಕಾಣಿಸಿಕೊಳ್ಳುತ್ತಾಳೆ. ನೀವು ಇನ್ನು ನೋಡಲಿರುವ ದೇವರು ಈ ಮಗುವೇ ಎಂದು ನಿರ್ಮಾಪಕರು ಬಹಿರಂಗವಾಗಿ ಸಾರಿದಂತಾಯಿತು. ಪ್ರೇಕ್ಷಕರನ್ನು ಭ್ರಮೆಗೊಳಪಡಿಸಿ ಭಕ್ತಿಯನ್ನು ಸಂಪಾದಿಸುವುದೇ ಉದ್ದೇಶವಾಗಿದ್ದಲ್ಲಿ ಈ ಪೀಠಿಕೆಯು ಅನರ್ಥಕಾರಿಯಾಗುತ್ತಿತ್ತು. ಇದೊಂದು ಆಕಸ್ಮಿಕವೆಂದು ತಳ್ಳಿಹಾಕುವಂತೆಯೂ ಇಲ್ಲ. ೧೯೧೭ರಲ್ಲಿಯೇ ಫಾಳ್ಕೆಯವರು ಚಲಚ್ಚಿತ್ರವು ಹೇಗೆ ತಯಾರಾಗುತ್ತದೆಂಬುದನ್ನು ತೋರಿಸುವ ಕಿರುಚಿತ್ರವೊಂದನ್ನು ತೆಗೆದಿದ್ದರು. ಕಲಾವಿದರಿಗೆ ಕಲಿಸುವ, ಸುರುಳಿಯನ್ನು ಪರೀಕ್ಷಿಸುವ ತಮ್ಮನ್ನೇ ಅದರಲ್ಲಿ ತೋರಿಸಿಕೊಂಡಿದ್ದರು. ಕೌಶಲವನ್ನು ಬಚ್ಚಿಡದೆ ಅದನ್ನೂ ಆನಂದದ ವಸ್ತುವನ್ನಾಗಿ ಮಾಡಿದುದು ಅವರ ಪದ್ಧತಿ.

೪. ಭಾಗವತವೂ ಚಿತ್ರವೂ

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಗೋಪಿಯರು ಯಶೋದೆಯ ಬಳಿ ಬಂದು ಕೃಷ್ಣನ ಮೇಲೆ ದೂರು ಹೇಳುವ ಪ್ರಸಂಗವು ಎಂಟನೆಯ ಅಧ್ಯಾಯದಲ್ಲಿಯೂ, ಕಾಳಿಯನ ದಮನವು ಹದಿನಾರನೆಯ ಅಧ್ಯಾಯದಲ್ಲಿಯೂ ಬರುತ್ತವೆ. ಇವೆರಡರ ನಡುವೆ ಯಮಳಾರ್ಜುನಭಂಗ, ಬಕಾಸುರ ಅಘಾಸುರರ ವಧೆ, ಬ್ರಹ್ಮನ ಗರ್ವಭಂಗ ಮೊದಲಾದ ಮಹಿಮೆಗಳ ಸರಣಿಯೇ ಇದೆ. ಪುರಾಣದ ಕೇಳುಗನಿಗೆ ಕೃಷ್ಣನು ಪರಮಾತ್ಮನೆಂಬುದನ್ನು ಹೆಜ್ಜೆಹೆಜ್ಜೆಗೂ ನೆನಪಿಸಲಾಗುತ್ತದೆ.

ಚಿತ್ರವು ಅನುಸರಿಸಿದ ಕ್ರಮವೇ ಬೇರೆ. ಉಳಿದ ಭಾಗದ ಬಹುಪಾಲನ್ನು ಬಾಲಲೀಲೆಗಳೇ ಆಕ್ರಮಿಸಿವೆ. ಕೃಷ್ಣನೂ ಅವನ ಗೆಳೆಯರೂ ಊರಿನ ಹೆಂಗಸರ ಮನೆ ಹೊಕ್ಕು ಬೆಣ್ಣೆ ಕದಿಯುತ್ತಾರೆ. ಒಂದು ರಾತ್ರಿ ಕೃಷ್ಣನು ಮಲಗಿದ್ದ ದಂಪತಿಗಳ ಕೋಣೆಗೆ ನುಸುಳಿ ಗಂಡನ ಗಡ್ಡವನ್ನು ಹೆಂಡತಿಯ ಕೂದಲಿಗೆ ಗಂಟುಹಾಕುತ್ತಾನೆ. ದೂರುಗಳು ಯಶೋದೆಯ ಮನೆಯ ಬಾಗಿಲಿಗೆ ಬರುತ್ತವೆ. ಇಲ್ಲಿ ನಾವು ಕಾಣುವುದು ಮಹಾರಾಷ್ಟ್ರದ ಒಂದು ಊರಿನ ಬೀದಿ, ಅಲ್ಲಿನ ಮನೆಗಳು, ನೆರೆಹೊರೆಯ ಜಗಳ, ತಾಯಿಯ ಪೇಚಾಟ. ಕಾಳಿಯನ ಮಡುವಿಗೆ ಹುಡುಗನು ಧುಮುಕಿದನೆಂಬ ಸುದ್ದಿ ಬಂದಾಗ, ಅದುವರೆಗೆ ಅವನನ್ನು ಬೈಯುತ್ತಿದ್ದ ಊರೇ ದಡಕ್ಕೆ ಓಡಿಬರುತ್ತದೆ. ನೀರಿನೊಳಗಿನ ಹೋರಾಟವನ್ನೂ ದಡದ ಮೇಲಿನವರ ಕಳವಳವನ್ನೂ ಪರ್ಯಾಯವಾಗಿ ತೋರಿಸಲಾಗಿದೆ. ಕಡೆಗೆ ನಾಗಪತ್ನಿಯರು ಬೇಡಿಕೊಳ್ಳಲು, ಕೃಷ್ಣನು ಹೆಡೆಯ ಮೇಲೆ ನಿಂತು ಮೇಲೆದ್ದು ಬರುತ್ತಾನೆ.

ಈ ವಿನ್ಯಾಸದಿಂದ ದೊರೆಯುವ ಅರ್ಥವೇನು? ಪ್ರೇಕ್ಷಕನು ದಡದ ಮೇಲಿನ ಜನರೊಡನೆ ನಿಂತು ನೋಡುತ್ತಾನೆ. ಅವನ ಮೊದಲ ಸಂಬಂಧವು ಮಗುವಿನೊಡನೆ, ಆಮೇಲೆ ದೇವರೊಡನೆ. ಇದು ಫಾಳ್ಕೆಯವರು ಹೊಸದಾಗಿ ಕಲ್ಪಿಸಿದ ದೃಷ್ಟಿಯೆಂದು ನಾವು ಹೇಳುವುದಿಲ್ಲ. ವಾತ್ಸಲ್ಯಭಾವವು ಭಕ್ತಿಪಂಥಗಳಿಗೆಲ್ಲ ಸುಪರಿಚಿತವಾದುದು. ನಮ್ಮ ದಾಸಸಾಹಿತ್ಯವೂ ಅದಕ್ಕೆ ಸಾಕ್ಷಿ. ಕೃಷ್ಣನ ಬಾಲ್ಯವನ್ನು ಚಿತ್ರಗಳ ಸಾಲಾಗಿ ನಿರೂಪಿಸುವುದೂ ಹಳೆಯದು. ಬಾದಾಮಿಯ ಗುಹಾಲಯಗಳ ಶಿಲ್ಪಪಟ್ಟಿಕೆಗಳಲ್ಲಿ ಆರನೆಯ ಶತಮಾನದಷ್ಟು ಹಿಂದೆಯೇ ಅದನ್ನು ಕಾಣಬಹುದು. ಹಳೆಯ ದೃಷ್ಟಿಯು ಹೊಸ ಯಂತ್ರದಲ್ಲಿ ಎಡೆ ಪಡೆಯಿತೆಂಬುದೇ ಇಲ್ಲಿ ಗಮನಾರ್ಹ.

೫. ಪ್ರೇಕ್ಷಕರ ನಮಸ್ಕಾರ

ಹಾಗಾದರೆ ಪರದೆಗೆ ಕೈಮುಗಿದ ಪ್ರೇಕ್ಷಕರ ವಿಚಾರವೇನು? 'ಲಂಕಾದಹನ'ದಲ್ಲಿ ರಾಮನೂ 'ಶ್ರೀಕೃಷ್ಣಜನ್ಮ'ದಲ್ಲಿ ಕೃಷ್ಣನೂ ಕಾಣಿಸಿಕೊಂಡಾಗ ಪ್ರೇಕ್ಷಕರು ಸಾಷ್ಟಾಂಗವೆರಗಿದರೆಂಬ ವೃತ್ತಾಂತವು ಚಲಚ್ಚಿತ್ರದ ಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ನಮಸ್ಕಾರದಿಂದ ಭ್ರಮೆಯನ್ನು ಊಹಿಸುವುದು ತರ್ಕಸಮ್ಮತವಲ್ಲ.

ಭಾದ್ರಪದದಲ್ಲಿ ಕುಂಬಾರನಿಂದ ಮಣ್ಣಿನ ಗಣಪತಿಯನ್ನು ಕೊಂಡುತಂದು ಪೂಜಿಸಿ, ಅನಂತರ ನೀರಿಗೆ ಬಿಡುವವನಿಗೆ ಅದು ಮಣ್ಣೆಂಬುದು ತಿಳಿಯದೆ? ವ್ರಜಭೂಮಿಯ ರಾಸಲೀಲೆಯಲ್ಲಿ ಕೃಷ್ಣನ ವೇಷ ಹಾಕಿದ ಬಾಲಕನನ್ನು ಜನರು 'ಸ್ವರೂಪ'ವೆಂದು ಕರೆದು ಪಾದಮುಟ್ಟಿ ನಮಸ್ಕರಿಸುತ್ತಾರೆ. ಕಾಶಿಗೆದುರಾಗಿರುವ ರಾಮನಗರದ ರಾಮಲೀಲೆಯಲ್ಲಿಯೂ ಇದೇ ರೂಢಿ. ಆ ಬಾಲಕನು ಇಂಥವರ ಮಗನೆಂಬುದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ನಮಸ್ಕರಿಸುವುದೇ ಅಲ್ಲಿನ ಸಂಪ್ರದಾಯದ ತಿರುಳು. ಮಂದಾಕಿನಿಯ ಮುಖವನ್ನು ಮೊದಲು ತೋರಿಸಿ ಬಳಿಕ ಕೃಷ್ಣನನ್ನು ತೋರಿಸಿದ ಚಿತ್ರವು ಈ ಸಂಪ್ರದಾಯಕ್ಕೆ ಹತ್ತಿರವಾದುದು. ಪ್ರೇಕ್ಷಕನು ಏಕಕಾಲದಲ್ಲಿ ಹುಡುಗಿಯ ಅಭಿನಯವನ್ನು ಮೆಚ್ಚಬಲ್ಲವನಾಗಿದ್ದನು, ಯಂತ್ರದ ಚಮತ್ಕಾರಕ್ಕೆ ಬೆರಗಾಗಬಲ್ಲವನಾಗಿದ್ದನು, ದೇವರಿಗೆ ಕೈಮುಗಿಯಬಲ್ಲವನೂ ಆಗಿದ್ದನು. ಇವು ಪರಸ್ಪರ ವಿರೋಧಿಗಳೆಂಬ ಭಾವನೆಯು ವಿಮರ್ಶಕನದೇ ಹೊರತು ಪ್ರೇಕ್ಷಕನದಲ್ಲ.

ಆ ಕಾಲದ ಆಳರಸರೂ ಪೌರಾಣಿಕ ಚಿತ್ರದ ಪ್ರೇಕ್ಷಕನನ್ನು ಕೇವಲ ಮುಗ್ಧನೆಂದು ಭಾವಿಸಿರಲಿಲ್ಲವೆಂಬುದಕ್ಕೆ ಸಾಕ್ಷ್ಯವಿದೆ. ೧೯೧೮ರ ಕಾನೂನಿನ ಮೇರೆಗೆ ೧೯೨೦ರಲ್ಲಿ ಚಿತ್ರಪರಿಶೀಲನ ಮಂಡಲಿಗಳು ಏರ್ಪಟ್ಟುವು. ಮರುವರ್ಷ ತೆರೆಕಂಡ ಕೋಹಿನೂರ್ ಕಂಪನಿಯ 'ಭಕ್ತ ವಿದುರ'ದಲ್ಲಿ ವಿದುರನು ಗಾಂಧೀಜಿಯವರನ್ನು ಹೋಲುವ ಉಡುಪಿನಲ್ಲಿ ಕಾಣಿಸಿಕೊಂಡನು. ಆ ಚಿತ್ರವು ಮದರಾಸು, ಕರಾಚಿಗಳಲ್ಲಿ ನಿಷೇಧಕ್ಕೊಳಗಾಯಿತು. ಪುರಾಣದ ಪಾತ್ರದಲ್ಲಿ ಸಮಕಾಲೀನನನ್ನು ಗುರುತಿಸುವ ಜಾಣ್ಮೆ ಪ್ರೇಕ್ಷಕರಿಗಿತ್ತೆಂಬುದನ್ನು ನಿಷೇಧಿಸಿದವರೇ ಒಪ್ಪಿಕೊಂಡಂತಾಯಿತು. ವಿದುರನಲ್ಲಿ ಗಾಂಧೀಜಿಯನ್ನು ಕಂಡವರು ಕೃಷ್ಣನಲ್ಲಿ ಮಂದಾಕಿನಿಯನ್ನು ಕಾಣದಷ್ಟು ಕುರುಡರಾಗಿದ್ದರೆಂದು ನಂಬುವುದು ಕಷ್ಟ.

೬. ಉಪಸಂಹಾರ

ಫಾಳ್ಕೆಯವರ ಮುಂದಿನ ಜೀವನವು ಸುಖಕರವಾಗಿರಲಿಲ್ಲ. ಪಾಲುದಾರರೊಡನೆ ಭಿನ್ನಾಭಿಪ್ರಾಯವುಂಟಾಗಿ ಕೆಲಕಾಲ ಕಂಪನಿಯಿಂದ ಹೊರಬಂದು ಕಾಶಿಗೆ ತೆರಳಿದರು, ೧೯೨೨ರಲ್ಲಿ ಮರಳಿದರು. ಮಾತಿನ ಚಿತ್ರಗಳ ಯುಗವು ಅವರನ್ನು ಹಿಂದೆ ಬಿಟ್ಟು ನಡೆಯಿತು. ೧೯೩೭ರ 'ಗಂಗಾವತರಣ'ವೇ ಅವರ ಕಡೆಯ ಚಿತ್ರ. ೧೯೪೪ರಲ್ಲಿ ನಾಸಿಕದಲ್ಲಿ ನಿಧನರಾದರು. ಅವರು ಹಾಕಿಕೊಟ್ಟ ಪೌರಾಣಿಕ ಮಾರ್ಗವಾದರೋ ದೇಶಭಾಷೆಗಳಲ್ಲೆಲ್ಲ ಹಬ್ಬಿತು. ೧೯೩೪ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವೂ ಪುರಾಣದ ವಸ್ತುವನ್ನೇ ಆಯ್ದುಕೊಂಡಿತು.

ಈ ಪರಿಶೀಲನೆಯಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಪೌರಾಣಿಕ ಚಿತ್ರವು ದ್ವಾಪರಯುಗದ ಚರಿತ್ರೆಯನ್ನು ಹೇಳಲಾರದು. ತಾನು ಹುಟ್ಟಿದ ವರ್ಷಗಳ ಚರಿತ್ರೆಯನ್ನು, ಅಂದಿನ ಉದ್ಯಮ, ಕುಟುಂಬ, ರಂಗಸಂಪ್ರದಾಯ, ನೋಡುವ ರೀತಿ ಇವುಗಳನ್ನು, ಬೇರೆ ಕಡತಗಳು ಹೇಳದಷ್ಟು ವಿವರವಾಗಿ ಹೇಳಬಲ್ಲುದು. ಎರಡನೆಯದಾಗಿ, ಜನಸಾಮಾನ್ಯರ ಭಕ್ತಿಯನ್ನು ಅವರ ಅಜ್ಞಾನದ ಅಳತೆಗೋಲನ್ನಾಗಿ ಬಳಸುವ ಇತಿಹಾಸಕಾರನು ಸಾಕ್ಷ್ಯವನ್ನು ನೋಡುವ ಮೊದಲೇ ತೀರ್ಪು ಬರೆದವನಾಗುತ್ತಾನೆ. ಆ ಪ್ರೇಕ್ಷಕರು ತಮ್ಮ ಅನುಭವವನ್ನು ಬರೆದಿಟ್ಟವರಲ್ಲ. ಅವರ ಪರವಾಗಿ ನುಡಿಯಲು ಉಳಿದಿರುವುದು ಈ ನಾಲ್ಕೂವರೆ ಸಾವಿರ ಅಡಿಗಳಷ್ಟು ಸುರುಳಿ. ನಮ್ಮ ವಿದ್ಯಾರ್ಥಿಗಳು ಶಾಸನವನ್ನು ಓದುವಷ್ಟೇ ಎಚ್ಚರದಿಂದ ಇಂಥ ಸುರುಳಿಗಳನ್ನೂ ಓದಲು ಕಲಿತರೆ, ದೇಶದ ಆಧುನಿಕ ಚರಿತ್ರೆಯಲ್ಲಿ ಇದುವರೆಗೆ ಮೂಕರಾಗಿರುವ ಅನೇಕರಿಗೆ ಮಾತು ಬಂದೀತು.