ಹೆಳವರ ಪುಸ್ತಕದಲ್ಲಿ ಧಾತು ಸಂವತ್ಸರ

'ಹರಿಹರದಿಂದ ವ್ಯಾಪಾರ ಬೆಳೆಸೋಕೆ ದಾವಣಗೆರೆಗೆ ಬಂದೋರು ನಾವು' ಎಂದು ನಮ್ಮ ದೊಡ್ಡಪ್ಪ ಹೆಮ್ಮೆಯಿಂದ ಹೇಳೋರು. ಯಾವಾಗ ಬಂದರು, ಯಾಕೆ ಬಂದರು ಎಂಬ ಸುಳಿವು ಸಿಕ್ಕಿದ್ದು ಹೆಳವರ ಪುಸ್ತಕದಲ್ಲಿ.

ಹಿಂದೆ ಸುಗ್ಗಿ ಮುಗಿದ ಮೇಲೆ ಎತ್ತು ಏರಿ, ಗಂಟೆ ಬಾರಿಸುತ್ತ ಬರುತ್ತಿದ್ದ ಹೆಳವರು ಈಗ ವ್ಯಾನಿನಲ್ಲಿ ಬರುತ್ತಾರೆ. ಬಟ್ಟೆ ಸುತ್ತಿದ ಉದ್ದನೆಯ ಪುಸ್ತಕ ಬಿಚ್ಚಿ, ಮೂಲಪುರುಷನಿಂದ ಹಿಡಿದು ರಾಗವಾಗಿ ಓದುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆಗೆ ಹೊರಡುತ್ತಾರೆ.

ನಮ್ಮ ಹಾಳೆಯಲ್ಲಿ ಇಸವಿ ಇಲ್ಲ, ಬರೀ ಸಂವತ್ಸರ. 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ತಲೆಮಾರು ಎಣಿಸಬೇಕು, ಪಕ್ಕದಲ್ಲಿ ಮೈಸೂರು ಗ್ಯಾಸೆಟಿಯರ್ ಇಟ್ಟುಕೊಳ್ಳಬೇಕು.

'ದಂಡಿನಂಗಡಿಯವರು ವಿಭವದಲ್ಲಿ ಹರಿಹರ ಬಿಟ್ಟರು' ಎಂದು ನಮ್ಮ ಮನೆತನದ ಬಗ್ಗೆ ಬರೆದಿದೆ. ಅಂದರೆ 1808, 1868, ಇಲ್ಲವೇ 1928. ಮಾತು ಅಜ್ಜನ ಅಜ್ಜನ ಕಾಲದ್ದು, ಹಾಗಾಗಿ 1868. ಹರಿಹರದ ಹೊರಗೆ ಬ್ರಿಟಿಷರ ದಂಡು ಇದ್ದದ್ದು 1865ರವರೆಗೆ. ಸಿಪಾಯಿಗಳೇ ಹೋದ ಮೇಲೆ ದಂಡಿನಂಗಡಿಗೆ ಗಿರಾಕಿ ಯಾರು? ಅತ್ತ ದಾವಣಗೆರೆ ಪೇಟೆ ತುಂಬಿಕೊಂಡಿತ್ತು. ಹೈದರಾಲಿಯಿಂದ ಊರನ್ನು ಜಹಗೀರಾಗಿ ಪಡೆದ ಅಪ್ಪೋಜಿರಾಮ ಎಂಬಾತ ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದ. ಇಲ್ಲಿಂದ ಅಡಿಕೆ, ಮೆಣಸು ವಾಲಾಜಾಪೇಟೆಗೆ ಹೋಗುತ್ತಿತ್ತು. ನಮ್ಮವರು ಬಂದದ್ದು ವ್ಯಾಪಾರ ಬೆಳೆಸಲು ಅಲ್ಲ, ಉಳಿಸಿಕೊಳ್ಳಲು.

ಮುಂದಿನ ಸಾಲು ಧಾತುವಿನದು. ಆ ಅಜ್ಜನ ನಾಲ್ವರು ಮಕ್ಕಳಲ್ಲಿ ಮೂವರ ಹೆಸರಿನ ಮುಂದೆ 'ಕುಲ ನಿಂತಿತು' ಎಂದಿದೆ. ಧಾತು ಎಂದರೆ 1876. ಅದರ ಹಿಂದೆಯೇ ಈಶ್ವರ. ನಮ್ಮ ಕಡೆ ಹಳಬರು ಇವತ್ತಿಗೂ 'ಧಾತು ಈಶ್ವರದ ಬರ' ಎನ್ನುತ್ತಾರೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಉಳಿದವರು ಸುಮಾರು 42 ಲಕ್ಷ. ಸರ್ಕಾರದ ಲೆಕ್ಕದಲ್ಲಿ ಸತ್ತವರ ಹೆಸರಿಲ್ಲ, ಹೆಳವರ ಹಾಳೆಯಲ್ಲಿ ಸಾವಿನ ಕಾರಣವಿಲ್ಲ. ಎರಡನ್ನೂ ಕೂಡಿಸಿ ಓದಿದಾಗಲೇ ನಾವು ಉಳಿದ ಒಬ್ಬನ ವಂಶದವರು ಎಂದು ತಿಳಿದದ್ದು.

ಆ ಎರಡು ವರ್ಷ ಒಲೆ ಹಚ್ಚಿದ ಹೆಂಗಸರು ಮಾತ್ರ ಎರಡರಲ್ಲೂ ಇಲ್ಲ. ಅದಕ್ಕೇ ಈ ಸಲ ಹೆಳವರ ಯಜಮಾನರಿಗೆ, 'ಹೆಣ್ಣುಮಕ್ಕಳ ಹೆಸರೂ ಬರೀರಿ, ಇಸವಿನೂ ಹಾಕಿ' ಅಂದೆ.

'ಬರೀತೀನಿ ಅವ್ವಾರೆ, ಒಂದು ಸೇರು ಜೋಳ ಜಾಸ್ತಿ ಹಾಕ್ರಿ' ಅಂದರು. ಹಾಕಿದೆ.