ಕರಗದ ಗಂಟು

ಧಾರ್ಮಿಕ ಟ್ರಸ್ಟೊಂದು ನಡೆಸುವ ಖಾಸಗಿ ವಿಶ್ವವಿದ್ಯಾಲಯದ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಕಳೆದ ವರ್ಷ ನನಗೆ ಬಂದಿತ್ತು. ಹಾಸ್ಟೆಲ್ಲು, ಮೆಸ್ಸು, ಲೈಬ್ರರಿ, ಬೆಳಗಿನ ಪ್ರಾರ್ಥನೆ ಎಲ್ಲವೂ ಸಲೀಸಾಗಿ ಸಾಗಿದವು. ‘ಎಂಡೋಮೆಂಟ್’ ಎಂಬ ಪದದ ಹತ್ತಿರ ನಿಂತೆ. ದತ್ತಿನಿಧಿ ಎಂದು ಬರೆದರೆ ಮುಗಿಯುತ್ತಿತ್ತು. ಆದರೆ ಅದಕ್ಕಿಂತ ಎಷ್ಟೋ ಹಳೆಯ ಪದವೊಂದು ನಾನಿರುವ ಡೊಂಬಿವಲಿಯಿಂದ ಬಹಳ ದೂರವೇನೂ ಇಲ್ಲದ ಬಂಡೆಗಳ ಮೇಲಿದೆ: ಅಕ್ಷಯನೀವಿ.

ನೀವಿ ಎಂದರೆ ಸೊಂಟಕ್ಕೆ ಸುತ್ತಿದ ಬಟ್ಟೆಯ ಗಂಟು. ಹಣವನ್ನು ಕಟ್ಟಿಕೊಳ್ಳುತ್ತಿದ್ದದ್ದೂ ಅಲ್ಲೇ. ಹಾಗಾಗಿ ಆ ಪದಕ್ಕೆ ಮೂಲಧನ ಎಂಬ ಅರ್ಥವೂ ಬಂತು. ಕನ್ನಡದ ‘ಗಂಟು’ ನಡೆದದ್ದೂ ಇದೇ ದಾರಿಯಲ್ಲಿ. ‘ಗಂಟು ಮಾಡಿಕೊಂಡ’ ಎಂದರೆ ನಮಗೆ ದಾರ ನೆನಪಾಗುವುದಿಲ್ಲ. ಅಕ್ಷಯನೀವಿ ಎಂದರೆ ಅಸಲನ್ನು ಮುಟ್ಟದೆ ಬಡ್ಡಿಯಲ್ಲಷ್ಟೇ ಖರ್ಚು ನಡೆಸಬೇಕಾದ ಗಂಟು.

ಆ ಬಂಡೆಗಳಿರುವುದು ಕಾನ್ಹೇರಿಯಲ್ಲಿ. ಬೊರಿವಲಿಯಿಂದ ಥಾಣೆಯವರೆಗೆ ಚಾಚಿಕೊಂಡಿರುವ ಕಾಡಿನ ನಡುವೆ, ಕಪ್ಪು ಕಲ್ಲಿನ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಹಳೆಯ ಹೆಸರು ಕೃಷ್ಣಗಿರಿ. ಬೌದ್ಧ ಭಿಕ್ಷುಗಳು ಅಲ್ಲಿ ಸಾವಿರ ವರ್ಷದಷ್ಟು ಕಾಲ ಬಾಳಿದರು. ಅನೇಕ ಗುಹೆಗಳಲ್ಲಿ ಮಲಗಲು ಕಲ್ಲಿನ ಕಟ್ಟೆಯಿದೆ, ಹೊರಗೆ ಮಳೆನೀರು ಹಿಡಿಯುವ ತೊಟ್ಟಿಯಿದೆ. ದರ್ಬಾರ್ ಗುಹೆ ಎನ್ನುವ 11ನೆಯದರಲ್ಲಿ ಎದುರುಬದುರಾಗಿ ಎರಡು ಉದ್ದನೆಯ ತಗ್ಗು ಕಲ್ಲುಪೀಠಗಳಿವೆ. ಸಾಲಾಗಿ ಕೂತು ಓದಿದರೋ ಉಂಡರೋ, ಅಂತೂ ಅದು ಒಟ್ಟಿಗೆ ಕೂರುವ ಜಾಗ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಇದಕ್ಕೆ ಹಣ ಕೊಟ್ಟವರಲ್ಲಿ ಕಲ್ಯಾಣದ ವ್ಯಾಪಾರಿಗಳಿದ್ದರು, ಭಿಕ್ಷುಣಿಯರೂ ಇದ್ದರು. ಇಂದು ನಾವು ಲೋಕಲ್ ಹಿಡಿಯುವ ಕಲ್ಯಾಣವೇ ಅದು, ಆಗ ಬಂದರು.

ಕನ್ನಡದವರಿಗೆ ಇಲ್ಲಿ ಒಂದು ಪರಿಚಿತ ಹೆಸರು ಸಿಗುತ್ತದೆ. 9ನೇ ಶತಮಾನದ ಮೂರು ಶಾಸನಗಳು ಅಮೋಘವರ್ಷನ ಆಳ್ವಿಕೆಯವು. ಕವಿರಾಜಮಾರ್ಗದ ನೃಪತುಂಗನೇ ಈತ. ಮಳಖೇಡದಿಂದ ಆಳುತ್ತಿದ್ದ ಅವನ ಕೈಕೆಳಗೆ ಕೊಂಕಣವನ್ನು ನೋಡಿಕೊಳ್ಳುತ್ತಿದ್ದವರು ಶಿಲಾಹಾರರು. ಜೈನಧರ್ಮದ ಕಡೆ ಒಲಿದ ದೊರೆ, ಅವನ ಕಾಲದಲ್ಲಿ ಬೌದ್ಧ ವಿಹಾರಕ್ಕೆ ದಾನ, ಶಾಸನದ ಭಾಷೆ ಸಂಸ್ಕೃತ. ಶಿಲಾಹಾರ ಪುಲ್ಲಶಕ್ತಿಯ ಕಾಲದ ಶಾಸನದಲ್ಲಿ ಒಬ್ಬ ಅಮಾತ್ಯ ದ್ರಮ್ಮಗಳನ್ನು ಕೊಟ್ಟು ಬಾಬ್ತುಗಳನ್ನು ಬರೆಸುತ್ತಾನೆ: ಪೂಜೆಗೆ ಇಷ್ಟು, ವಿಹಾರದ ದುರಸ್ತಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು. ಹತ್ತು ವರ್ಷದ ಬಳಿಕ, ಶಕ 775ರಲ್ಲಿ, ಗೌಡದೇಶದ ಅವಿಘ್ನಾಕರನೆಂಬ ಉಪಾಸಕ ಧ್ಯಾನದ ಕೋಣೆಗಳಿಗೂ ಬಟ್ಟೆಗೂ ನೂರು ದ್ರಮ್ಮ ಕೊಟ್ಟ. ಬಂಗಾಳದಿಂದ ಇಲ್ಲಿಗೆ ಬಂದವನಿಗೆ ಕಂಡದ್ದು ಕೂತು ಧ್ಯಾನಿಸುವವರ ಕೊರತೆಯಲ್ಲ, ಕೋಣೆಯ ಕೊರತೆ.

ಈ ಲೆಕ್ಕದ ಕಟ್ಟುನಿಟ್ಟು ಬೌದ್ಧರಿಗೆ ಮಾತ್ರ ಸೇರಿದ್ದಲ್ಲ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ರ ಶಾಸನವಿದೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ತ್ರಯೀಪುರುಷರ ಗುಡಿಗೆ ಸೇರಿದ ಶಾಲೆ ಕಟ್ಟಿಸಿದ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ಶಾಲೆಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೇ 12 ನಿವರ್ತನ. ಊರಿನ ಮದುವೆಯೊಂದಕ್ಕೆ ಐದು ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಅದರಲ್ಲೂ ಅರ್ಧ ಶಾಲೆಗೆ ಸಲ್ಲಬೇಕು. ನಮ್ಮ ಮನೆಯ ಮದುವೆ ಪಕ್ಕದ ಹಾಸ್ಟೆಲ್ಲಿನ ಹುಡುಗನ ಓದಿಗೆ ಆಗಬೇಕು ಎಂಬುದು ಆಗ ಕಲ್ಲಿನಲ್ಲಿ ಕೊರೆದ ಕಟ್ಟಳೆ.

ಮಳಖೇಡಕ್ಕೆ ಹತ್ತಿರದಲ್ಲೇ, ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಚಾಲುಕ್ಯ ಶಾಸನ ಘಟಿಕಾಸ್ಥಾನದ ಹಾಜರಿಯನ್ನೇ ಕೊಡುತ್ತದೆ. ವೇದ ಓದುವವರು 200, ಶಾಸ್ತ್ರ ಓದುವವರು ಸುಮಾರು 50. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಅಧ್ಯಾಪಕರು. ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಕಲಿಸುವವರಷ್ಟೇ ಜನ ಪುಸ್ತಕ ನೋಡಿಕೊಳ್ಳುವವರು! ತಾಳೆಗರಿಗೆ ಹುಳು ಹಿಡಿಯುತ್ತದೆ, ಮತ್ತೆ ಮತ್ತೆ ನಕಲು ಮಾಡಬೇಕು; ಗ್ರಂಥಾಲಯವೆಂದರೆ ಆಗ ಮುಗಿಯದ ಕೂಲಿ.

ಇಷ್ಟನ್ನೇ ಹೇಳಿ ಎದೆಯುಬ್ಬಿಸುವ ಭಾಷಣ ನಾವು ಕೇಳಿದ್ದೇವೆ. ಆದರೆ ಸಾಲೋಟಗಿಯಲ್ಲೂ ನಾಗಾವಿಯಲ್ಲೂ ಬೇರೆ ಊರಿನವನಿಗೆ ಬಾಗಿಲು ತೆರೆದಿತ್ತು, ಅದೇ ಊರಿನ ಹೊಲ ಉಳುವವನ ಮಗನಿಗೆ ತೆರೆದಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಇಲ್ಲ. ದೀಪದ ಎಣ್ಣೆ ಬರುತ್ತಿದ್ದ ಆ 12 ನಿವರ್ತನದಲ್ಲಿ ದುಡಿದವರು ಆ ಬೆಳಕಿನಲ್ಲಿ ಓದಲಿಲ್ಲ. ವಿಹಾರದ ಬಾಗಿಲು ಇದಕ್ಕಿಂತ ಅಗಲವಾಗಿತ್ತು. ಆದರೆ ಒಳಗೆ ಬರುವವನು ಮನೆ ಬಿಟ್ಟು ಬರಬೇಕಿತ್ತು. ಧರ್ಮದ ಹಣ ಓದಿಸುತ್ತದೆ, ಯಾರನ್ನು ಎಂಬುದನ್ನೂ ಅದೇ ತೀರ್ಮಾನಿಸುತ್ತದೆ.

ಅಕ್ಷಯವೆಂದು ಕಟ್ಟಿದ ಗಂಟೂ ಬಿಚ್ಚಿತು. 1009 ಮತ್ತು 1021ರಲ್ಲಿ ಕಾನ್ಹೇರಿ ನೋಡಲು ಬಂದ ಪಾರ್ಸಿಗಳು ಪಹ್ಲವಿ ಲಿಪಿಯಲ್ಲಿ ಹೆಸರು ಕೆತ್ತಿಹೋಗಿದ್ದಾರೆ. 16ನೇ ಶತಮಾನದಲ್ಲಿ ಪೋರ್ಚುಗೀಸ್ ಪಾದ್ರಿಗಳು ಹತ್ತಿರದ ಮಂಡಪೇಶ್ವರದ ಶಿವನ ಗುಹೆಯನ್ನು ಇಗರ್ಜಿ ಮಾಡಿ, ಅಲ್ಲೇ ಮಠ, ಕಾಲೇಜು ಕಟ್ಟಿದರು. ಅದೂ ಈಗ ಪಾಳುಗೋಡೆ. ಅಸಲು ಮುಟ್ಟಬಾರದೆಂದು ಕಲ್ಲಿನಲ್ಲಿ ಬರೆಸಬಹುದು. ಓದಲು ಮುಂದಿನವರು ಬರಲೇಬೇಕೆಂದು ಬರೆಸಲಾಗುವುದಿಲ್ಲ.

ಕೈಪಿಡಿಯಲ್ಲಿ ನಾನು ‘ಕಾಯಂ ಗಂಟು’ ಎಂದು ಬರೆದು ಕಳಿಸಿದೆ. ‘ದತ್ತಿನಿಧಿ’ ಎಂದು ತಿದ್ದಿ ಅಚ್ಚು ಹಾಕಿಸಿದರು. ಅದರ ಬಡ್ಡಿಯಲ್ಲಿ ಎಷ್ಟು ಮಕ್ಕಳು ಓದುತ್ತಾರೆ, ಅವರು ಯಾರು ಎಂಬ ಬಾಬ್ತು ಮಾತ್ರ ಆ ನೂರಿಪ್ಪತ್ತು ಪುಟಗಳಲ್ಲಿ ಎಲ್ಲೂ ಇರಲಿಲ್ಲ.