ಪರಿಸರದ ಅರಿವಿಗೆ ಗ್ರಂಥಾಲಯ: ಪಡ್ರೆಯಿಂದ ಕುವೈತಿನವರೆಗೆ

ಪರಿಸರದ ಹಾನಿ ಬಹುಮಟ್ಟಿಗೆ ನಿಧಾನವಾಗಿ ಸಂಭವಿಸುತ್ತದೆ. ತೊರೆಯೊಂದು ಬತ್ತಲು, ಹಕ್ಕಿಯೊಂದು ಕಾಣೆಯಾಗಲು, ಊರೊಂದರ ಕಾಯಿಲೆಗಳ ಸ್ವರೂಪ ಬದಲಾಗಲು ಹತ್ತಾರು ವರ್ಷಗಳು ಹಿಡಿಯುತ್ತವೆ. ಇಂಥ ಬದಲಾವಣೆಯನ್ನು ಒಬ್ಬರ ನೆನಪು ಹಿಡಿದಿಡಲಾರದು. ಬರೆದಿಟ್ಟ ದಾಖಲೆ ಹಿಡಿದಿಡಬಲ್ಲದು. ಹಿಂದೆ ಏನಿತ್ತು, ಏನು ಬದಲಾಯಿತು, ಅದನ್ನು ಯಾರು ಹೇಗೆ ಅಳೆದರು ಎಂಬ ಪ್ರಶ್ನೆಗಳಿಗೆ ಉತ್ತರ ಒದಗಿಸುವುದರಿಂದಲೇ ಪರಿಸರದ ಅಧ್ಯಯನದಲ್ಲಿ ಗ್ರಂಥಾಲಯಕ್ಕೆ ಮಹತ್ತ್ವವಿದೆ.

ಪಡ್ರೆಯ ದಾಖಲೆಗಳು

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ. ಕೇರಳ ಸರ್ಕಾರದ ತೋಟಗಾರಿಕಾ ನಿಗಮವು ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕವನ್ನು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿತು. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು 1980ರ ಆಸುಪಾಸಿನಲ್ಲೇ ಬರೆದರು. ಅಲ್ಲಿಯೇ ವೃತ್ತಿನಿರತರಾಗಿದ್ದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ನರಸಂಬಂಧಿ ಕಾಯಿಲೆಗಳೂ ಜನ್ಮಜಾತ ವೈಕಲ್ಯಗಳೂ ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ, ತೊಂಬತ್ತರ ದಶಕದಲ್ಲಿ ವೈದ್ಯಕೀಯ ನಿಯತಕಾಲಿಕವೊಂದಕ್ಕೆ ಪತ್ರ ಬರೆದರು. ಮುಂದೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವೂ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೂ ಪರೀಕ್ಷೆಗಳನ್ನು ನಡೆಸಿದವು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ಕೈಬಿಡಲು ತೀರ್ಮಾನಿಸಿದವು. ಅದೇ ವರ್ಷದ ಮೇ ತಿಂಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಓದುವ ಕ್ರಮ

ಅಹಮದಾಬಾದಿನ ಸಂಸ್ಥೆಯ ಅಧ್ಯಯನದ ಒಂದು ಭಾಗ 2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದನ್ನು ಅಂತರ್ಜಾಲದಲ್ಲಿ ಯಾರೂ ಉಚಿತವಾಗಿ ಓದಬಹುದು. ಸಿಂಪಡಣೆಗೆ ಒಳಗಾದ ಹಳ್ಳಿಯ 117 ಬಾಲಕರನ್ನು, ಒಳಗಾಗದ ಹಳ್ಳಿಯ 90 ಬಾಲಕರೊಂದಿಗೆ ಅದು ಹೋಲಿಸಿತು. ಮೊದಲ ಗುಂಪಿನಲ್ಲಿ ಲೈಂಗಿಕ ಬೆಳವಣಿಗೆ ತಡವಾಗಿರಬಹುದೆಂದು ಸೂಚಿಸಿತು. ಅದನ್ನು ಆಕ್ಷೇಪಿಸಿದ ಪತ್ರಗಳೂ ಅದೇ ಪತ್ರಿಕೆಯಲ್ಲಿ ಅಚ್ಚಾದವು. ಓದುಗರು ಎರಡನ್ನೂ ಓದಬೇಕು. ಅಳೆದದ್ದೇನು, ಹೋಲಿಕೆಗೆ ಆರಿಸಿಕೊಂಡವರು ಯಾರು, ಅಧ್ಯಯನಕ್ಕೆ ಹಣ ಕೊಟ್ಟವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದರೆ ವೈದ್ಯಶಾಸ್ತ್ರ ಕಲಿಯದವರೂ ಇಂಥ ಲೇಖನದ ತೂಕವನ್ನು ಅಂದಾಜು ಮಾಡಬಲ್ಲರು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಂದೇಶಕ್ಕೆ ಈ ಪ್ರಶ್ನೆಗಳನ್ನು ಕೇಳಲು ಸಾಮಾನ್ಯವಾಗಿ ಅವಕಾಶವೇ ಇರುವುದಿಲ್ಲ.

ಕನ್ನಡದ ಕಪಾಟು

ಸಂಶೋಧನ ಲೇಖನಗಳಿಗೆ ಮೊದಲು ಅಭಿರುಚಿ ಬೆಳೆಯಬೇಕು. ಅದಕ್ಕೆ ಕನ್ನಡದಲ್ಲಿ ಕೊರತೆಯಿಲ್ಲ. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಮಕ್ಕಳ ಕೈಗೂ ಕೊಡಬಹುದಾದ ಪುಸ್ತಕ. ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ ವಿಷಯದ ವ್ಯಾಪ್ತಿಯನ್ನು ತೋರಿಸುತ್ತದೆ. ಭಾರತದ ಪರಿಸರ ಸ್ಥಿತಿಯನ್ನು ಕುರಿತ 1982ರ ನಾಗರಿಕ ವರದಿಯನ್ನು ಶಿವರಾಮ ಕಾರಂತರೇ ಕನ್ನಡಕ್ಕೆ ತಂದರು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ ಪಶ್ಚಿಮ ಘಟ್ಟಗಳನ್ನು ಕುರಿತು 2011ರಲ್ಲಿ ಸಲ್ಲಿಸಿದ ವರದಿಯೂ ಅಂತರ್ಜಾಲದಲ್ಲಿ ದೊರೆಯುತ್ತದೆ. ಅದನ್ನು ಬೆಂಬಲಿಸುವವರೂ ವಿರೋಧಿಸುವವರೂ ಮೂಲವನ್ನೊಮ್ಮೆ ಓದುವುದು ಲೇಸು.

ಕುವೈತಿನ ಓದು

ಫರ್ವಾನಿಯಾದ ಕಿಕ್ಕಿರಿದ ವಸತಿಗಳಲ್ಲಿ ಬಾಳುವ ನಮಗೆ ಕುವೈತಿನ ಪರಿಸರವೆಂದರೆ ಬರಿಯ ಮರಳೆಂದು ತೋರಬಹುದು. ಆ ಭ್ರಮೆಯನ್ನು ಕಳೆಯುವ ಪುಸ್ತಕ ವಯೊಲೆಟ್ ಡಿಕ್ಸನ್ ಅವರದು. 1929ರಲ್ಲಿ ಕುವೈತಿಗೆ ಬಂದು ನೆಲೆಸಿದ ಈ ಮಹಿಳೆ, ಕುವೈತ್ ಮತ್ತು ಬಹರೈನ್‌ನ ಕಾಡುಹೂಗಳ ಬಗ್ಗೆ 1955ರಲ್ಲಿ ಗ್ರಂಥ ಪ್ರಕಟಿಸಿದರು. ಅವರು ಸಂಗ್ರಹಿಸಿದ ಮರುಭೂಮಿಯ ಸಸ್ಯವೊಂದಕ್ಕೆ ಅವರ ಹೆಸರನ್ನೇ ಸೇರಿಸಿ ‘ಹಾರ್ವುಡಿಯಾ ಡಿಕ್ಸೋನಿಯೆ’ ಎಂದು ಕರೆಯಲಾಗಿದೆ.

1991ರ ಯುದ್ಧದಲ್ಲಿ 600ಕ್ಕೂ ಮಿಕ್ಕಿ ತೈಲಬಾವಿಗಳು ಹೊತ್ತಿ ಉರಿದವು. ಬಳಿಕ ವಿಶ್ವಸಂಸ್ಥೆಯ ಪರಿಹಾರ ಆಯೋಗದ ಮುಂದೆ ಕುವೈತ್ ತನ್ನ ನೆಲ, ಅಂತರ್ಜಲ ಮತ್ತು ಕಡಲತೀರಗಳಿಗಾದ ಹಾನಿಗೂ ಪರಿಹಾರ ಕೇಳಿ ಪಡೆಯಿತು. ಹಾನಿಯನ್ನು ಸಾಬೀತುಪಡಿಸಲು ಹಿಂದಿನ ಸ್ಥಿತಿಯ ಅರಿವು ಬೇಕಾಗುತ್ತದೆ. ಆಯೋಗದ ವರದಿಗಳು ಸಾರ್ವಜನಿಕವಾಗಿವೆ. ಪಡ್ರೆಯ ದಾಖಲೆಗಳ ಜೊತೆಗಿಟ್ಟು ಓದಿದರೆ ಎರಡೂ ಇನ್ನಷ್ಟು ಸ್ಪಷ್ಟವಾಗುತ್ತವೆ.

ಇಲ್ಲಿ ದುಡಿಯುವ ಕರಾವಳಿಯ ಎಷ್ಟೋ ಕುಟುಂಬಗಳಿಗೆ ಊರಿನಲ್ಲಿ ತೋಟ, ಕೆರೆ, ಸುರಂಗಗಳಿವೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯತಿನಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ರಜೆಯಲ್ಲಿ ಊರಿಗೆ ಹೋದಾಗ ಪಂಚಾಯತಿ ಕಚೇರಿಯಲ್ಲಿ ಅದನ್ನು ಕೇಳಿ ನೋಡಬಹುದು. ಮನೆಯ ಹಿರಿಯರು ಬಲ್ಲ ಮರ, ಮೀನು, ಔಷಧಿ ಸಸ್ಯಗಳ ಹೆಸರುಗಳು ಅದರಲ್ಲಿ ಬಿಟ್ಟುಹೋಗಿದ್ದರೆ, ಹಿರಿಯರು ಇರುವಾಗಲೇ ಬರೆಸಬೇಕು.